ನೀಲಿ ಡಬ್ಬದ ನೂರ ಹದಿನಾಲ್ಕು ಚೀಟಿ

13 ಜನವರಿ 2014

ಮಾನ್ಯರೇ,

ಈ ಪತ್ರ ಕೈಗೆ ಬಂದ ಕೂಡಲೇ ಹರಿದು ಹಾಕುವ ಮನಸ್ಸಾದರೆ ದಯವಿಟ್ಟು ಎರಡನೆಯ ಪ್ಯಾರಾವರೆಗೆ ಓದಿ, ಆಮೇಲೆ ಹರಿಯಿರಿ. ನಾನು ನಿಘಂಟು ಕಚೇರಿಯಲ್ಲಿ ಚೀಟಿ ಬರೆಯುತ್ತಿದ್ದವಳು. ನನಗೆ ‘ಚೀಟಿ’ ಎಂದು ಹೆಸರಿಟ್ಟವರು ನೀವೇ. ಕೆಳಗಿನ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನಿಮ್ಮನ್ನು ‘ಮೊಳೆಯಣ್ಣ’ ಎಂದು ಕರೆದು ನಾನು ಸೇಡು ತೀರಿಸಿಕೊಂಡಿದ್ದೆ. ಈಗ ಹಾಗೆ ಕರೆಯುವ ಸಲುಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ‘ಮಾನ್ಯರೇ’ ಎಂದು ಶುರು ಮಾಡಿದೆ.

ನಿಮ್ಮ ವಿಳಾಸ ಸಿಕ್ಕಿದ್ದು ಪಕ್ಕದ ಮನೆಯವರಿಗೆ ಬಂದ ಒಂದು ಮದುವೆಯ ಆಹ್ವಾನ ಪತ್ರಿಕೆಯಿಂದ. ನಾಲ್ಕು ಮೂಲೆಯಲ್ಲಿ ನಾಲ್ಕು ಸಣ್ಣ ಎಲೆ, ಯಾವ ಸಾಲಿನಲ್ಲೂ ಒಂದು ಪದ ಒಂಟಿಯಾಗಿ ಬಿದ್ದಿಲ್ಲ, ಪೂರ್ಣವಿರಾಮದ ಮುಂಚೆ ಕೂದಲೆಳೆಯಷ್ಟು ಜಾಗ. ಇಷ್ಟು ಹಟಮಾರಿಯಾಗಿ ಮೊಳೆ ಜೋಡಿಸುವ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬರಿರಲಾರರು ಎಂದುಕೊಂಡು ಕೊನೆಯ ಸಾಲಿನಲ್ಲಿದ್ದ ಪ್ರೆಸ್ಸಿನ ವಿಳಾಸ ಬರೆದುಕೊಂಡೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಸಂಪಾದಕರು, ದೊಡ್ಡವರು, ಇನ್ನೂ ಇದ್ದಾರೆ. ಎಂಬತ್ತೆಂಟು ವರ್ಷ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಬೆಳಕನ್ನಷ್ಟೇ ಗುರುತಿಸುತ್ತದೆ. ಮಗಳ ಮನೆಯಲ್ಲಿದ್ದಾರೆ. ಮಗಳು ಹಲ್ಲಿನ ಡಾಕ್ಟರು. ನಾನು ಪ್ರತಿ ಶನಿವಾರ ಹೋಗಿ ನಮ್ಮ ಇಂಗ್ಲಿಷ್-ಕನ್ನಡ ನಿಘಂಟನ್ನೇ ಅವರಿಗೆ ಓದಿ ಹೇಳುತ್ತೇನೆ, ಮೊದಲ ಪುಟದಿಂದ. ಮೂರು ವರ್ಷದಲ್ಲಿ ಎಸ್ ಅಕ್ಷರಕ್ಕೆ ಬಂದಿದ್ದೇವೆ. ಮೊನ್ನೆ ‘ಸೆಷನ್’ ಮುಗಿಯಿತು.

ಆಮೇಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹನ್ನೊಂದು ವರ್ಷದ ಕೆಲಸ, ಸಾವಿರದ ಇನ್ನೂರು ಪುಟ, ಅದರಲ್ಲಿ ‘ಸೆಷನ್’ ಆದಮೇಲೆ ನೇರವಾಗಿ ‘ಸೆಟ್‌ಬ್ಯಾಕ್’. ನಡುವೆ ಇರಬೇಕಾದ ‘ಸೆಟ್’ ಇಲ್ಲ. ಇಂಗ್ಲಿಷ್ ಬಾರದವರೂ ದಿನಕ್ಕೆ ಹತ್ತು ಸಲ ಆಡುವ ಪದ ನಮ್ಮ ನಿಘಂಟಿನಲ್ಲಿ ಇಲ್ಲ. ಪುಸ್ತಕ ಹೊರಬಂದ ವಾರ ಪತ್ರಿಕೆಯವರು ನಕ್ಕ ನಗು ನನಗೆ ಈಗಲೂ ಕೇಳಿಸುತ್ತದೆ.

ನಾನು ಮೆಲ್ಲಗೆ ‘ಸೆಟ್‌ಬ್ಯಾಕ್’ ಶುರು ಮಾಡಿದೆ. ದೊಡ್ಡವರು, “ಸೆಟ್ ಓದಮ್ಮ” ಅಂದರು. “ಅದು ಇಲ್ವಲ್ಲ ಸಾರ್” ಅಂದೆ. “ಗೊತ್ತು. ಆದ್ರೂ ಓದು” ಅಂದರು.

ಅದಕ್ಕೇ ಈ ಪತ್ರ. ಆ ಪದಕ್ಕೆ ನೂರ ಹದಿನಾಲ್ಕು ಅರ್ಥ, ಅರ್ಥಕ್ಕೊಂದು ಚೀಟಿ. ಕೂತು ನೆನಪು ಮಾಡಿಕೊಂಡರೆ ನನಗೆ ಸಿಕ್ಕಿದ್ದು ಅರವತ್ತೊಂದು. ಉಳಿದವು ನಿಮ್ಮ ತಲೆಯಲ್ಲಿರಬೇಕು. ದೊಡ್ಡವರ ನಿಯಮ ನೆನಪಿದೆಯಲ್ಲವೇ? ನಾನು ಬರೆದ ಪ್ರತಿಯೊಂದು ಅರ್ಥವನ್ನೂ ಮೆಟ್ಟಿಲಿಳಿದು ಬಂದು ಇಂಗ್ಲಿಷ್ ಬಾರದ ನಿಮಗೆ ಓದಿ ಹೇಳಬೇಕು. “ಮೊಳೆಗೆ ತಿಳಿಯದ ಅರ್ಥ ಪುಸ್ತಕಕ್ಕೆ ಬೇಡ.” ಆ ನೂರ ಹದಿನಾಲ್ಕನ್ನೂ ನಿಮ್ಮ ಮುಂದೆ ನಿಂತು ಓದಿದವಳು ನಾನು.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ನೆನಪಾದಷ್ಟು ಬರೆದು ಕಳಿಸಿ. ನನ್ನ ಫೋನ್ ನಂಬರು ಕೆಳಗಿದೆ.

ಇಂತಿ,
ನಿಘಂಟು ಕಚೇರಿಯ ನಿವೃತ್ತ ಉಪಸಂಪಾದಕಿ


3 ಫೆಬ್ರವರಿ 2014

ಶ್ರೀಮತಿಯವರಿಗೆ,

ಪತ್ರ ತಲುಪಿತು. ಹರಿಯಲಿಲ್ಲ. ಫೋನ್ ಪ್ರಯೋಜನವಿಲ್ಲ. ಯಂತ್ರದ ಪಕ್ಕ ನಿಂತೂ ನಿಂತೂ ಕಿವಿ ಮಂದವಾಗಿದೆ. ಸೊಸೆ ಎದುರು ನಿಂತು ಕೂಗಿದರೆ ಅರ್ಧ ತಿಳಿಯುತ್ತದೆ, ಉಳಿದರ್ಧ ಅವಳ ಮುಖ ನೋಡಿ ಊಹಿಸುತ್ತೇನೆ.

ಮೊಳೆ ಎಂದು ನನ್ನನ್ನು ಈಗ ಯಾರೂ ಕರೆಯುವುದಿಲ್ಲ. ಗಿರಾಕಿಗಳಿಗೆ ನಾನು ಪ್ರೆಸ್ಸಿನವರು. ಕೆಳಗೆ ಸೊಸೆಯ ಜೆರಾಕ್ಸ್ ಅಂಗಡಿ, ಅದರ ಹಿಂದೆ ಕಾಲಿನಿಂದ ತುಳಿಯುವ ನನ್ನ ಅಚ್ಚಿನ ಯಂತ್ರ, ಮೇಲೆ ಮನೆ. ಅಲ್ಲಿಂದ ಬಂದಮೇಲೆ ನಾನು ಪುಸ್ತಕ ಮುಟ್ಟಿಲ್ಲ. ಆಹ್ವಾನ ಪತ್ರಿಕೆ, ರಸೀದಿ ಪುಸ್ತಕ, ಔಷಧಿ ಅಂಗಡಿಯ ಲಕೋಟೆ, ಇಷ್ಟೇ.

ದೊಡ್ಡವರಿಗೋಸ್ಕರ ನೆನಪು ಮಾಡಿಕೊಂಡೆ. ಹನ್ನೆರಡು ಸಿಕ್ಕಿದವು.

ಒಂದು, ಕೋಳಿಯದು. ನೀವು ‘ಕುಕ್ಕುಟವನ್ನು ಅಂಡಗಳ ಮೇಲೆ ಸ್ಥಾಪಿಸುವುದು’ ಎಂದು ಬರೆದು ತಂದಿದ್ದಿರಿ. ಕೋಳಿಯನ್ನು ಕಾವಿಗೆ ಕೂರಿಸುವುದು ಅನ್ನಿ ಎಂದೆ. ಎರಡು, ಹೂವಿನದು. ‘ಫಲರೂಪ ತಾಳುವುದು’ ಎಂದು ಬರೆದಿದ್ದಿರಿ. ಕಾಯಿಕಟ್ಟುವುದು ಎಂದೆ. ಮೂರು, ಮೊಸರು ಹೆಪ್ಪುಗಟ್ಟುವುದು. ನಾಲ್ಕು, ಮುರಿದ ಮೂಳೆ ಕೂಡಿಸುವುದು. ಐದು, ಗರಗಸದ ಹಲ್ಲನ್ನು ಆಚೆ ಈಚೆ ಬಾಗಿಸುವುದು. ಉಳಿದ ಏಳು ಬೇರೆ ಹಾಳೆಯಲ್ಲಿವೆ. ನನ್ನ ಕೆಲಸವೂ ಅದರಲ್ಲೊಂದು, ಮೊಳೆ ಜೋಡಿಸುವುದು. ಅದನ್ನು ನೀವು ಬಿಟ್ಟಿರುವುದಿಲ್ಲ ಅಂದುಕೊಂಡಿದ್ದೇನೆ.

ಹಳೆಯದನ್ನು ಕೆದಕುವುದು ನನಗೂ ಬೇಡ.

ಇಂತಿ,
ಪ್ರೆಸ್ಸಿನವರು


9 ಫೆಬ್ರವರಿ 2014

ಪ್ರಿಯ ಮೊಳೆಯಣ್ಣನವರೇ,

ಪ್ರೆಸ್ಸಿನವರು ಎಂದು ಬರೆಯಲು ಪೆನ್ನು ಒಪ್ಪಲಿಲ್ಲ.

ನಿಮ್ಮ ಹನ್ನೆರಡು ಬಂದವು. ಮೊಳೆ ಜೋಡಿಸುವುದನ್ನು ನಾನು ನಿಜವಾಗಿಯೂ ಬಿಟ್ಟಿದ್ದೆ. ನಾಚಿಕೆಯಾಯಿತು. ಈಗ ಎಪ್ಪತ್ತಮೂರು. ಕುಕ್ಕುಟದ ಚೀಟಿ ಓದಿ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಗ ನನಗೆ ಇಪ್ಪತ್ತೇಳು. ದೊಡ್ಡ ಪದ ಬರೆದರೆ ದೊಡ್ಡ ವಿದುಷಿಯಾಗುತ್ತೇನೆ ಎಂಬ ಭ್ರಮೆ. ನೀವು ಮೊಳೆ ಹಿಡಿದ ಕೈ ನಿಲ್ಲಿಸದೆ, “ಇದನ್ನ ಕೋಳಿಗೆ ಓದಿ ಹೇಳಿ, ಅದು ಎದ್ದು ಓಡಿಹೋಗುತ್ತೆ” ಅಂದಿದ್ದಿರಿ. ನಾನು ಸಿಟ್ಟಿನಿಂದ ಮೇಲೆ ಹೋಗಿ ದೊಡ್ಡವರಿಗೆ ದೂರು ಕೊಟ್ಟೆ. ಅವರು ಚೀಟಿ ಇಸಿದುಕೊಂಡು ನನ್ನ ಸಾಲು ಹೊಡೆದು ನಿಮ್ಮ ಮಾತು ಬರೆದರು.

ಆ ಕೋಣೆ ಇಡೀ ಕಣ್ಣ ಮುಂದೆ ಬಂತು. ಕೆಳಗಿನ ಚಪ್ಪಲಿ ಅಂಗಡಿಯಿಂದ ಬೇಡಿ ತಂದ ರಟ್ಟಿನ ಡಬ್ಬಗಳು ಗೋಡೆಯುದ್ದಕ್ಕೂ, ಒಂದೊಂದಕ್ಕೂ ನಂಬರು. ಗೋಂದಿನ ಬಾಟಲಿ, ಅದರ ಬಾಯಲ್ಲಿ ಸದಾ ಅಂಟಿಕೊಂಡಿರುತ್ತಿದ್ದ ಬ್ರಷ್ಷು. ‘ಸೆಟ್’ ಮಾತ್ರ ಯಾವ ಚಪ್ಪಲಿ ಡಬ್ಬದಲ್ಲೂ ಹಿಡಿಸದೆ, ದೊಡ್ಡವರ ಮನೆಯಿಂದ ಬಂದ ನೀಲಿ ಬಿಸ್ಕತ್ತಿನ ಡಬ್ಬದಲ್ಲಿ ಕೂತಿತ್ತು. ಅದಕ್ಕೆ ನಂಬರೂ ಇರಲಿಲ್ಲ, ಜಾಗವೂ ಇರಲಿಲ್ಲ. ಕಿಟಕಿಯ ಕಟ್ಟೆಯೇ ಅದರ ಮನೆ. ಒಂದು ಡಬ್ಬ ಮುಗಿದಾಗ ನಾನು ಕೆಳಗೆ ತರುವುದು, ಇಬ್ಬರೂ ಎದುರುಬದುರು ಕೂತು ಚೀಟಿಗಳನ್ನು ಜೋರಾಗಿ ಎಣಿಸುವುದು, ‘ಒಪ್ಪಿಸಿದ ಪುಸ್ತಕ’ ಎಂಬ ಲೆಕ್ಕದ ಪುಸ್ತಕದಲ್ಲಿ ನಾನು ‘ಒಪ್ಪಿಸಿದವರು’ ಎಂಬಲ್ಲಿ, ನೀವು ‘ಪಡೆದವರು’ ಎಂಬಲ್ಲಿ ಸಹಿ ಹಾಕುವುದು. ನೀವು ಬೇಕೆಂದೇ ಎಣಿಕೆ ತಪ್ಪಿಸಿ ನನ್ನನ್ನು ಮತ್ತೆ ಒಂದರಿಂದ ಶುರು ಮಾಡಿಸುತ್ತಿದ್ದಿರಿ.

ದೊಡ್ಡವರಿಗೆ ಮಗಳು ಹೊಸ ಹಲ್ಲಿನ ಸೆಟ್ ಮಾಡಿಸಿಕೊಟ್ಟಿದ್ದಾಳೆ. ಹಾಕಿಕೊಂಡರೆ ‘ಸೆಟ್’ ಎನ್ನುತ್ತಾರೆ, ತೆಗೆದರೆ ‘ಹೆಟ್’ ಆಗುತ್ತದೆ. ನಿಮ್ಮ ಪತ್ರ ಬಂದಿದೆ ಎಂದೆ. “ಚೆನ್ನಾಗಿದಾನಾ?” ಎಂದು ಕೇಳಿದರು. ಪುಸ್ತಕ ಮುಟ್ಟಿಲ್ಲವಂತೆ ಎಂದು ಹೇಳಿದೆ. ಅವತ್ತು ಮುಂದೆ ಓದಿಸಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಆ ನೀಲಿ ಡಬ್ಬ ನಿಮ್ಮ ಕೈಯಲ್ಲಿ ಕಳೆದದ್ದಕ್ಕೆ ನನಗೆ ನಿಮ್ಮ ಮೇಲೆ ಎಂದೂ ಸಿಟ್ಟಿರಲಿಲ್ಲ. ಮನುಷ್ಯನ ಕೈ, ತಪ್ಪುತ್ತದೆ. ಸಿಟ್ಟಿದ್ದದ್ದು ಒಂದಕ್ಕೇ. ಅದಕ್ಕಾಗಿ ನಿಮ್ಮ ಕೆಲಸ ಹೋದ ದಿನ ಮೆಟ್ಟಿಲ ಕೆಳಗಿನಿಂದಲೇ ಹೊರಟುಹೋದಿರಿ. ಒಂದು ಸಲ ಮೇಲೆ ಬಂದು ಹೋಗುತ್ತೇನೆ ಎನ್ನಬಹುದಿತ್ತು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನೀವು ತಲೆ ಎತ್ತಲಿಲ್ಲ.

ಇಂತಿ,
ಚೀಟಿ


26 ಫೆಬ್ರವರಿ 2014

ಚೀಟಿಯವರಿಗೆ,

ಇದರೊಂದಿಗೆ ಇನ್ನೂ ಹದಿನೇಳು ಅರ್ಥ ಇವೆ. ಸೂರ್ಯ ಮುಳುಗುವುದು, ಅಲಾರಂ ಇಡುವುದು, ಬಲೆ ಒಡ್ಡುವುದು, ಉಂಗುರಕ್ಕೆ ಕಲ್ಲು ಕೂರಿಸುವುದು, ಹೀಗೆ. ಯಾವುದಾದರೂ ನಿಮ್ಮಲ್ಲಿ ಆಗಲೇ ಇದ್ದರೆ ಹೊಡೆದುಹಾಕಿ.

ನಿಮ್ಮ ಪತ್ರದ ಕೊನೆಯ ಭಾಗ ಓದಿ ಎರಡು ವಾರ ಪೆನ್ನು ಮುಟ್ಟಲಿಲ್ಲ. ‘ಮನುಷ್ಯನ ಕೈ, ತಪ್ಪುತ್ತದೆ’ ಎಂದು ದೊಡ್ಡ ಮನಸ್ಸು ಮಾಡಿದ್ದೀರಿ. ನನ್ನನ್ನು ಕ್ಷಮಿಸುವ ತೊಂದರೆ ನಿಮಗೆ ಬೇಡ. ಇದನ್ನು ಸಾಯುವತನಕ ಹೇಳಬಾರದು ಅಂದುಕೊಂಡಿದ್ದೆ. ಹೇಳಿಸಿಬಿಟ್ಟಿರಿ.

ಆ ಡಬ್ಬ ನನ್ನ ಕೈಗೆ ಬರಲೇ ಇಲ್ಲ.

‘ಸೆಷನ್’ ಜೋಡಿಸಿ ಮುಗಿಸಿದ ದಿನ ನಾನೇ ಮೆಟ್ಟಿಲು ಹತ್ತಿ ದೊಡ್ಡವರನ್ನು ಕೇಳಿದೆ. “ಸಾರ್, ಇನ್ನು ಸೆಟ್ ಬರ್ಬೇಕಲ್ಲ?” ಅವರು ತಲೆ ಎತ್ತದೆ, “ಬರುತ್ತೆ, ನೀನು ಮುಂದಕ್ಕೆ ಹೋಗು” ಅಂದರು. ಅವತ್ತು ನಿಮ್ಮ ಕುರ್ಚಿ ಖಾಲಿ. ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದರು. ನೀವು ನಿಯಮ ಮೀರಿ ಚೀಟಿಗಳನ್ನು ಮನೆಗೆ ಒಯ್ದು ಬರೆಯುತ್ತಿದ್ದದ್ದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಡಬ್ಬ ನಿಮ್ಮ ಮನೆಯಲ್ಲಿದೆ, ದೊಡ್ಡವರು ನಿಮ್ಮನ್ನು ಬಿಟ್ಟುಕೊಡುತ್ತಿಲ್ಲ ಎಂದು ತಿಳಿದೆ. ನಾಲ್ಕು ಪುಟ ಖಾಲಿ ಬಿಟ್ಟು ಮುಂದಕ್ಕೆ ಹೋದೆ.

ಆಮೇಲೆ ದೊಡ್ಡವರು ಜ್ವರ ಬಂದು ತಿಂಗಳುಗಟ್ಟಲೆ ಮಲಗಿದರು. ಕಚೇರಿಯ ಮ್ಯಾನೇಜರಿಗೆ ಬಿಡುಗಡೆಯ ದಿನಾಂಕದ್ದೇ ಚಿಂತೆ. ಆ ನಾಲ್ಕು ಪುಟ ಮುಚ್ಚಿಸಿ ಅಚ್ಚು ಹಾಕಿಸಿದರು. ಪುಸ್ತಕ ಹೊರಬಂದು ಎಲ್ಲರೂ ನಕ್ಕಮೇಲೆ ವಿಚಾರಣೆ. ಒಪ್ಪಿಸಿದ ಪುಸ್ತಕ ನನ್ನ ಮುಂದೆ ತೆರೆದಿಟ್ಟರು. ‘ಸೆಟ್, ಡಬ್ಬ ಒಂದು, ಚೀಟಿ ನೂರ ಹದಿನಾಲ್ಕು.’ ಪಕ್ಕದಲ್ಲಿ ನಿಮ್ಮ ಸಹಿ. ಕೊಡದ ಡಬ್ಬಕ್ಕೆ ಕೊಟ್ಟೆ ಎಂದು ಸಹಿ ಹಾಕಿದ್ದೀರಿ ಎಂದರೆ ಎಷ್ಟು ಹೆದರಿರಬೇಕು ಅನ್ನಿಸಿತು. ಎಲ್ಲೋ ಬಿಟ್ಟುಬಂದಿದ್ದಾಳೆ, ಪಾಪ, ಕೆಲಸ ಇನ್ನೂ ಖಾಯಂ ಆಗಿಲ್ಲ, ಮನೆಯಲ್ಲಿ ತಾಯಿ. ನನಗೇನು, ಮೊಳೆ ಇರುವ ಕಡೆಯೆಲ್ಲ ಕೆಲಸ ಇದೆ. ‘ಪಡೆದವರು’ ಎಂಬಲ್ಲಿ ಸಹಿ ಹಾಕಿದೆ.

ಮೇಲೆ ಬಂದು ಹೇಳಿ ಹೋಗಲಿಲ್ಲ ಏಕೆಂದರೆ, ನಿಮ್ಮ ಮುಖ ನೋಡಿದ್ದರೆ ಬಾಯಿಬಿಡುತ್ತಿದ್ದೆ. ಇದು ಮುಗಿದ ಕಥೆ. ನಿಮಗೆ ಬೇಜಾರಾಗಲಿ ಎಂದು ಬರೆದದ್ದಲ್ಲ.

ಇಂತಿ,
ಪ್ರೆಸ್ಸಿನವರು


4 ಮಾರ್ಚ್ 2014

ಮೊಳೆಯಣ್ಣ,

ನಾನು ಆ ಡಬ್ಬವನ್ನು ಮನೆಗೆ ಒಯ್ದಿಲ್ಲ. ಯಾವತ್ತೂ ಒಯ್ದಿಲ್ಲ.

ಚಪ್ಪಲಿ ಡಬ್ಬದ ಚೀಟಿಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದದ್ದು ನಿಜ. ಆ ನೀಲಿ ಡಬ್ಬ ನನ್ನ ಚೀಲದಲ್ಲಿ ಹಿಡಿಸುತ್ತಲೇ ಇರಲಿಲ್ಲ. ಶುಕ್ರವಾರ ಸಂಜೆ ನಾನು ಹೊರಡುವಾಗ ಅದು ಕಿಟಕಿಯ ಕಟ್ಟೆಯ ಮೇಲಿತ್ತು. ಅಮ್ಮನಿಗೆ ಹೆಚ್ಚಾಗಿ ನಾಲ್ಕು ದಿನ ರಜ ಹಾಕಿ ಗುರುವಾರ ಬಂದೆ. ಕಟ್ಟೆ ಖಾಲಿ ಇತ್ತು. ನೀವೇ ಬಂದು ಒಯ್ದಿದ್ದೀರಿ, ಎಣಿಸಿ ಸಹಿ ಹಾಕುವುದು ಆಮೇಲಾಯಿತು ಎಂದುಕೊಂಡೆ. ಅಮ್ಮನ ಗಡಿಬಿಡಿಯಲ್ಲಿ ಮತ್ತೆ ಅದರ ಯೋಚನೆಯೇ ಬರಲಿಲ್ಲ.

ಇನ್ನು ಸಹಿ. ಅದನ್ನು ಬರೆಯದೆ ಈ ಪತ್ರ ಮುಗಿಸಿದರೆ ನಾನು ಮನುಷ್ಯಳೇ ಅಲ್ಲ. ಪುಸ್ತಕ ಹೊರಬಂದ ಮೂರನೆಯ ದಿನ ಮ್ಯಾನೇಜರು ಒಪ್ಪಿಸಿದ ಪುಸ್ತಕ ತೆರೆದು ಖಾಲಿ ಸಾಲು ತೋರಿಸಿ, “ಇದನ್ನ ತುಂಬಿ ಸಹಿ ಹಾಕಮ್ಮ. ಕೊಟ್ಟಿಲ್ಲ ಅಂದ್ರೆ ನೀನೇ ಕಳೆದೆ ಅಂತಾಗುತ್ತೆ” ಅಂದರು. ನಾವಿಬ್ಬರೂ ಎಣಿಸದೆ ಯಾವತ್ತೂ ಸಹಿ ಹಾಕಿದವರಲ್ಲ. ಅವತ್ತು ಎಣಿಸದೆ ಹಾಕಿದೆ. ನೀವು ಒಯ್ದಿರುತ್ತೀರಿ ಎಂಬ ನಂಬಿಕೆಯಿತ್ತು, ಆದರೆ ಕಣ್ಣಾರೆ ಕಂಡಿರಲಿಲ್ಲ. ಕಾಣದ್ದನ್ನು ಕಂಡೆ ಎಂದು ಬರೆದುಕೊಟ್ಟೆ.

ಮರುದಿನ ನೀವು ತಪ್ಪು ಒಪ್ಪಿಕೊಂಡಿರಿ ಎಂದು ಗೊತ್ತಾದಾಗ ನನಗೆ ಏನನ್ನಿಸಿತು ಹೇಳಲೇ? ದುಃಖ ಅಲ್ಲ. ನೆಮ್ಮದಿ. ಸದ್ಯ, ನನ್ನ ಸಹಿ ಸುಳ್ಳಾಗಲಿಲ್ಲ ಎಂಬ ನೆಮ್ಮದಿ. ದುಃಖ ಆಮೇಲೆ ಬಂತು. ಮೂರು ತಿಂಗಳಿಗೆ ನನ್ನ ಕೆಲಸ ಖಾಯಂ ಆಯಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಲಿಲ್ಲ. ನನ್ನನ್ನು ಪಾಪ ಎಂದುಕೊಂಡು ಕೆಲಸ ಬಿಟ್ಟ ಮನುಷ್ಯನಿಗೇ ಮೊದಲ ಸಲ ಬರೆಯುತ್ತಿದ್ದೇನೆ.

ಚೀಟಿ


8 ಮಾರ್ಚ್ 2014

ಚೀಟಿ,

ಎರಡು ಸಲ ಓದಿದೆ. ನಿನ್ನ ಸಹಿಯ ಮೇಲೆ ಇಷ್ಟು ವರ್ಷ ನನಗೆ ಸಿಟ್ಟೇ ಇರಲಿಲ್ಲ, ಮರುಕವಿತ್ತು. ಈಗ ಸಿಟ್ಟು ಬಂದಿದೆ. ಎರಡು ದಿನ ಇರುತ್ತದೆ, ಆಮೇಲೆ ಹೋಗುತ್ತದೆ. ನನ್ನ ಸ್ವಭಾವ ನಿನಗೆ ಗೊತ್ತು. ನಾನೂ ಮಹಾ ಬುದ್ಧಿವಂತ. ಎಣಿಸದೆ ಸಹಿ ಹಾಕಿದವಳನ್ನು ಬೈಯಲು ಹೊರಟವನು, ಡಬ್ಬದ ಮುಖವನ್ನೇ ನೋಡದೆ ಸಹಿ ಹಾಕಿದ್ದೇನೆ.

ಅದಿರಲಿ. ನೀನು ಒಯ್ಯಲಿಲ್ಲ. ನನಗೆ ಬರಲಿಲ್ಲ. ಡಬ್ಬಕ್ಕೆ ಕಾಲಿರಲಿಲ್ಲ. “ಬರುತ್ತೆ” ಅಂದವರು ಒಬ್ಬರೇ. ಅವರನ್ನು ಕೇಳು.


17 ಮಾರ್ಚ್ 2014

ಮೊಳೆಯಣ್ಣ,

ಕೇಳಲು ನನಗೆ ಬಾಯಿ ಬರಲಿಲ್ಲ. ಶನಿವಾರ ನಿಘಂಟನ್ನು ಬದಿಗಿಟ್ಟು ನಿಮ್ಮ ಫೆಬ್ರವರಿಯ ಎರಡನೆಯ ಪತ್ರವನ್ನೇ ಓದಿದೆ. “ಬರುತ್ತೆ, ನೀನು ಮುಂದಕ್ಕೆ ಹೋಗು” ಎಂಬಲ್ಲಿಗೆ ಬಂದಾಗ ದೊಡ್ಡವರು ಸಾಕು ಎಂಬಂತೆ ಕೈ ಎತ್ತಿದರು. ಮಗಳನ್ನು ಕರೆದು, ಮಂಚದ ಕೆಳಗಿನ ಟ್ರಂಕು ಎಳೆಯಲು ಹೇಳಿದರು.

ಟ್ರಂಕಿನಲ್ಲಿ ಹಳೆಯ ಕೋಟು, ಕೋಟಿನ ಕೆಳಗೆ ನೀಲಿ ಡಬ್ಬ. ಮುಚ್ಚಳದ ನೆಗ್ಗು ಹಾಗೇ ಇದೆ. ನೀವು ಒಮ್ಮೆ ಅದರ ಮೇಲೆ ಹತ್ತಿ ನಿಂತು ಬಲ್ಬು ಹಾಕಿದ್ದಿರಲ್ಲ, ಆ ನೆಗ್ಗು.

ನಾನೂ ಡಾಕ್ಟರೂ ಎದುರುಬದುರು ಕೂತು ಎಣಿಸಿದೆವು. ನೂರ ಹದಿನಾಲ್ಕು. ಕೊನೆಯ ಚೀಟಿಯಲ್ಲಿ ಇಂಗ್ಲಿಷಿನ ವಿವರಣೆಯಷ್ಟೇ ಇದೆ. ಕನ್ನಡದ ಅರ್ಥ ಬರೆಯಬೇಕಾದ ಜಾಗ ಖಾಲಿ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. “ಆ ಒಂದೇ ಬಾಕಿ ಇತ್ತಮ್ಮ. ಎಲ್ಲೋ ಚಳಿ ದೇಶದಲ್ಲಿ ಒಂದು ಪ್ರಾಣಿ ಇದೆಯಂತೆ. ಅದು ನೆಲದೊಳಗೆ ತೋಡ್ಕೊಂಡಿರೋ ಮನೆಗೂ ಸೆಟ್ ಅಂತಾರಂತೆ. ನೀನು ಓದಿ ಹೇಳಿದಾಗ ಮೊಳೆ ‘ಅದು ಹೇಗಿರುತ್ತೆ’ ಅಂದನಂತಲ್ಲ, ನಿಂಗೆ ಹೇಳಕ್ಕೆ ಬರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ, ನೋಡಿದ್ರೆ ತಾನೆ. ಅವನಿಗೆ ತಿಳಿಯೋ ಹಾಗೆ ಬರೀಬೇಕು, ಎರಡು ದಿನ ಮನೇಲಿ ಕೂತು ಯೋಚಿಸೋಣ ಅಂತ ತಂದೆ. ಜ್ವರ ಬಂತು. ಎದ್ದು ಬರೋ ಹೊತ್ತಿಗೆ ಪುಸ್ತಕ ಅಚ್ಚಾಗಿತ್ತು. ನೀನು ಕೊಟ್ಟೆ ಅಂತ ಬರ್ದಿದ್ದೆ, ಅವನು ತಗೊಂಡೆ ಅಂತ ಬರ್ದಿದ್ದ. ನಾನು ಬಾಯಿ ತೆರೆಯೋಕೆ ಮುಂಚೆ ನೀವಿಬ್ರೂ ಒಪ್ಕೊಂಡಾಗಿತ್ತು. ಮೊದಲನೇ ದಿನ ಧೈರ್ಯ ಬರ್ಲಿಲ್ಲ. ಎರಡನೇ ದಿನ, ನಿನ್ನೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾರಲ್ಲ ಅಂತ ಸುಮ್ನಾದೆ. ಆಮೇಲೆ ದಿನಗಳು ಸೇರ್ತಾನೇ ಹೋದ್ವು.”

ನಾನು ಎದ್ದು ಬಂದೆ. ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ, “ಅವನಿಗೆ ಬರೀತೀಯಾ?” ಎಂಬ ಧ್ವನಿ ಕೇಳಿಸಿತು. ಗೇಟು ಎಳೆದುಕೊಂಡು ಹೊರಟೆ. ಮೂರು ವರ್ಷದಿಂದ ವಾರ ವಾರ ಅವರೆದುರು ಕೂತು ಓದುತ್ತಿದ್ದೇನೆ ಮೊಳೆಯಣ್ಣ, ಆ ಡಬ್ಬ ನನ್ನ ಕಾಲಿನಿಂದ ಎರಡು ಅಡಿ ದೂರದಲ್ಲಿತ್ತು.

ನಿಮಗೆ ಏನನ್ನಿಸಿತು ಬರೆಯಿರಿ. ನನಗೆ ಏನನ್ನಿಸಬೇಕು ಎಂದೇ ತಿಳಿಯುತ್ತಿಲ್ಲ.

ಚೀಟಿ


20 ಏಪ್ರಿಲ್ 2014

ಮೊಳೆಯಣ್ಣ,

ಐದು ವಾರವಾಯಿತು. ಪೋಸ್ಟಿನವರು ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಾರೆ.

ಮೂರು ಶನಿವಾರ ನಾನು ದೊಡ್ಡವರ ಮನೆಗೆ ಹೋಗಲಿಲ್ಲ. ನಾಲ್ಕನೆಯ ಶನಿವಾರ ಡಾಕ್ಟರೇ ಬಂದು ಕರೆದರು. ಊಟ ಕಡಿಮೆಯಾಗಿದೆ, ಹಲ್ಲಿನ ಸೆಟ್ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ನನ್ನ ಹೆಜ್ಜೆಯ ಸದ್ದು ಕೇಳಿ, “ಮೊಳೆ ಏನಂದ?” ಎಂದು ಕೇಳಿದರು. ಏನೂ ಅಂದಿಲ್ಲ ಸಾರ್ ಎಂದೆ. “ಅನ್ನೋದೇನಿದೆ” ಎಂದು ಗೋಡೆಯ ಕಡೆ ತಿರುಗಿದರು. ಸಿಟ್ಟು ಮಾಡಿಕೊಂಡೇ ಹೋಗಿದ್ದೆ. ಆ ಬೆನ್ನು ನೋಡಿ ಸಿಟ್ಟು ನಿಲ್ಲಲಿಲ್ಲ. ಇದು ನನ್ನ ಮಾತು ಮಾತ್ರ. ನಿಮ್ಮ ಸಿಟ್ಟು ನಿಮ್ಮದು, ಅದನ್ನು ಬಿಡಿ ಎನ್ನುವ ಯೋಗ್ಯತೆ ನನಗಿಲ್ಲ.

ಡಬ್ಬವನ್ನು ಪಾರ್ಸೆಲ್ ಮಾಡಿ ಕಳಿಸುತ್ತಿದ್ದೇನೆ. ಅದು ನನ್ನಲ್ಲಿರಬಾರದು, ಅವರಲ್ಲೂ ಇರಬಾರದು. ಡಾಕ್ಟರು ತಮ್ಮ ಹತ್ತಿಯನ್ನೆಲ್ಲ ಸುತ್ತಿ ಕಟ್ಟಿಕೊಟ್ಟಿದ್ದಾರೆ. ಒಳಗೆ ಒಂದು ಹಾಳೆಯಿದೆ, ನಮ್ಮ ಒಪ್ಪಿಸಿದ ಪುಸ್ತಕದ ಹಾಗೇ ಗೆರೆ ಎಳೆದಿದ್ದೇನೆ. ‘ಸೆಟ್, ಡಬ್ಬ ಒಂದು, ಚೀಟಿ ನೂರ ಹದಿನಾಲ್ಕು.’ ಒಪ್ಪಿಸಿದವರು ಎಂಬಲ್ಲಿ ಈ ಸಲ ದೊಡ್ಡವರೇ ಸಹಿ ಹಾಕಿದ್ದಾರೆ. ಕಣ್ಣು ಕಾಣದೆ ಸಹಿ ಗೆರೆ ದಾಟಿ ಮೇಲಕ್ಕೆ ಹೋಗಿದೆ. ಹಾಕುವ ಮುಂಚೆ ನೂರ ಹದಿನಾಲ್ಕನ್ನೂ ಬೆರಳಿನಿಂದ ಮುಟ್ಟಿ ಎಣಿಸಿದರು.

ಪಡೆದವರು ಎಂಬಲ್ಲಿ ಖಾಲಿಯಿದೆ. ಎಣಿಸಿ, ಸಹಿ ಹಾಕಿ ಕಳಿಸಿ. ಬೈಯಬೇಕೆನಿಸಿದರೆ ಬೈದು ಬರೆಯಿರಿ. ಒಂದಕ್ಷರ ಬಿಡದೆ ಅವರಿಗೆ ಓದಿ ಹೇಳುತ್ತೇನೆ.

ಚೀಟಿ


14 ಮೇ 2014

ಚೀಟಿ,

ಡಬ್ಬ ತಲುಪಿತು. ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಜೋರಾಗಿ ಎಣಿಸಿದೆ. ಎಪ್ಪತ್ತರ ಹತ್ತಿರ ಬಂದಾಗ ಬೇಕೆಂದೇ ತಪ್ಪಿಸಿದೆ. ಅವಳು ನಿನ್ನಷ್ಟು ಸಾಧುವಲ್ಲ, “ಮಾವ, ಗಿರಾಕಿ ನಿಂತಿದಾರೆ, ಸರಿಯಾಗಿ ಎಣಿಸಿ” ಅಂದಳು. ನೂರ ಹದಿನಾಲ್ಕು ಸರಿ ಇದೆ.

ಎರಡು ದಿನದ ಸಿಟ್ಟು ಎಂದು ಬರೆದಿದ್ದೆ. ಅದು ನಿನ್ನ ಮೇಲಿನದು. ದೊಡ್ಡವರ ಮೇಲಿನದು ಒಂದೂವರೆ ತಿಂಗಳು ಇತ್ತು. ಎಂಥೆಂಥ ಪತ್ರ ಬರೆದು ಹರಿದಿದ್ದೇನೆ ಎಂದು ಸೊಸೆಯ ಕಸದ ಬುಟ್ಟಿಗೆ ಗೊತ್ತು. ಯಾವುದೋ ಕಾಣದ ಪ್ರಾಣಿ ಎಲ್ಲೋ ತೋಡಿದ ಗುಂಡಿಗೆ ನನ್ನ ಕೆಲಸ ಹೋಯಿತೇ ಎಂದು ಯೋಚಿಸಿ, ಒಂದು ಮಧ್ಯಾಹ್ನ ಯಂತ್ರದ ಮುಂದೆ ನಿಂತು ಅತ್ತೆ. ಇದನ್ನು ಅವರಿಗೆ ಓದಿ ಹೇಳು. ಹೇಳಬೇಕಾದದ್ದು.

ಆಮೇಲೆ ಡಬ್ಬ ಬಂತು. ಒಂದೊಂದೇ ಚೀಟಿ ಓದಿದೆ. ನಿನ್ನ ದುಂಡು ಅಕ್ಷರದ ದೊಡ್ಡ ಪದ, ಅದರ ಮೇಲೆ ಕೆಂಪು ಗೆರೆ, ಗೆರೆಯ ಮೇಲೆ ದೊಡ್ಡವರ ಕೈಯಲ್ಲಿ ನಾನು ಆಡಿದ ಮಾತು. ಪಕ್ಕದಲ್ಲಿ ಸಣ್ಣದಾಗಿ ‘ಮೊ’ ಎಂದು ಬರೆದು ಒಂದು ಸುತ್ತು. ಅರ್ಥ ಎಲ್ಲಿಂದ ಬಂತು ಎಂದು ಬರೆಯುವ ಜಾಗ ಅದು. ಬೇರೆ ಚೀಟಿಗಳಲ್ಲಿ ಅಲ್ಲಿ ದೊಡ್ಡ ದೊಡ್ಡ ಗ್ರಂಥಗಳ ಹೆಸರಿರುತ್ತಿತ್ತು. ಇದರಲ್ಲಿ ಎಂಬತ್ತೊಂಬತ್ತು ಚೀಟಿಯಲ್ಲಿ ‘ಮೊ’ ಇದೆ. ನಾನು ಮೊಳೆ ಜೋಡಿಸುತ್ತ ಬಾಯಿಗೆ ಬಂದದ್ದು ಅನ್ನುತ್ತಿದ್ದೆ. ಯಾರೋ ಅದನ್ನು ಹೀಗೆ ಬರೆದಿಟ್ಟುಕೊಂಡಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಚೀಟಿ ಆ ಡಬ್ಬದಲ್ಲೇ ಉಳಿದಿದ್ದರಿಂದ ನನ್ನ ಕಣ್ಣಿಗೂ ಬೀಳಲಿಲ್ಲ.

ಖಾಲಿ ಚೀಟಿಯಲ್ಲಿ ‘ಬಿಲ’ ಎಂದು ಬರೆದಿದ್ದೇನೆ. ದೊಡ್ಡವರಿಗೆ ಹೇಳು, ಬಿಲ ಅಂದಿದ್ದರೆ ನನಗೆ ತಿಳಿಯುತ್ತಿತ್ತು. ಪ್ರಾಣಿ ಯಾವುದಾದರೆ ನನಗೇನು? ಅದು ಹೇಗಿರುತ್ತೆ ಎಂದು ನಾನು ಕೇಳಿದ್ದು ನಿನ್ನನ್ನು ಪೇಚಿಗೆ ಸಿಕ್ಕಿಸಲು. ಮೆಟ್ಟಿಲ ಮೇಲಿನಿಂದ ಒಂದು ಸಲ ಕೂಗಿ ಕೇಳಿದ್ದರೆ ಅರ್ಧ ನಿಮಿಷದ ಕೆಲಸವಾಗಿತ್ತು.

ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದೇನೆ. ಹಳೆಯ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಆಹ್ವಾನ ಪತ್ರಿಕೆಗಳನ್ನು ಜೂನ್ ಕೊನೆಯವರೆಗೆ ತೆಗೆದುಕೊಳ್ಳುವುದಿಲ್ಲ ಎಂದು ಸೊಸೆ ಬಾಗಿಲಿಗೆ ಬೋರ್ಡು ಹಾಕಿದ್ದಾಳೆ. ದಿನಕ್ಕೆ ಆರು ಅರ್ಥ ಜೋಡಿಸುತ್ತಿದ್ದೇನೆ, ಕಣ್ಣು ಅಷ್ಟೇ ಒಪ್ಪುತ್ತದೆ. ಇವತ್ತು ಕೋಳಿಯನ್ನು ಕಾವಿಗೆ ಕೂರಿಸಿದೆ. ಎಲ್ಲ ಸೇರಿ ಸರಿಯಾಗಿ ನಾಲ್ಕು ಪುಟ ಆಗುತ್ತದೆ. ಆಗ ಬಿಟ್ಟದ್ದೂ ನಾಲ್ಕೇ. ಕಾಗದವನ್ನು ನಿಘಂಟಿನ ಅಳತೆಗೇ ಕತ್ತರಿಸಿದ್ದೇನೆ. ‘ಸೆಷನ್’ ಆದಮೇಲೆ ಅಂಟಿಸಿ, ಅವರೆದುರು ಕೂತು ಓದು. ಗೋಂದಿನ ಬ್ರಷ್ಷು ಬಾಟಲಿಗೆ ಅಂಟಿಕೊಳ್ಳದಂತೆ ನೋಡಿಕೋ.

ಶನಿವಾರ ಹೋದಾಗ ಹಲ್ಲಿನ ಸೆಟ್ ಹಾಕಿಸಿ ಊಟ ಮಾಡಿಸು. ನಾನು ಹೇಳಿದೆ ಎಂದು ಹೇಳು. ಸೆಟ್ ಬರುತ್ತೆ. ಅಲ್ಲಿಯವರೆಗೆ ಅವರು ಮುಂದಕ್ಕೆ ಹೋಗುವುದು ಬೇಡ.

ನಿನ್ನ ಹಾಳೆಯನ್ನು ಹಾಗೇ ವಾಪಸು ಕಳಿಸುತ್ತಿದ್ದೇನೆ. ಪಡೆದವರು ಎಂಬಲ್ಲಿ ಸಹಿ ಹಾಕಿಲ್ಲ. ಅದನ್ನು ಮೂವತ್ತಮೂರು ವರ್ಷದ ಹಿಂದೆಯೇ ಹಾಕಿಕೊಟ್ಟಿದ್ದೇನಲ್ಲ.

ಇಂತಿ,
ಮೊಳೆ